ಹೆಬ್ಬಾವಿಗೆ ಹಾಸಿಗೆ ಹಾಸಿದ ಕರಡಿ

ಒಂದು ಕಾಡಿನಲ್ಲಿ ಜಡೆಯಪ್ಪ ಎಂಬ ಕರಡಿ ಇದ್ದ. ಕಾಡು ಎಂದರೆ ಅಂಥಿಂಥ ಕಾಡಲ್ಲ. ಬೆಳಿಗ್ಗೆ ಒಳಗೆ ಹೊಕ್ಕ ಬಿಸಿಲು ದಾರಿ ತಪ್ಪಿ ಅಲೆದಾಡಿ, ಮೂರನೆಯ ದಿನ ಆಚೆ ಕಡೆಯಿಂದ ಹೊರಗೆ ಬರುತ್ತಿತ್ತು. ನಂಬದವರು ಹೋಗಿ ನೋಡಬಹುದು. ಜಡೆಯಪ್ಪನೂ ಅಂಥಿಂಥ ಕರಡಿಯಲ್ಲ. ಅವನು ಒಂದು ಸಲ ಆಕಳಿಸಿದರೆ ಎದುರಿನ ಗುಡ್ಡದ ಜೇನುಹುಳುಗಳು ಹೊಸ ಗವಿ ಸಿಕ್ಕಿತೆಂದು ಸಾಲಾಗಿ ಬಾಯೊಳಕ್ಕೆ ನುಗ್ಗುತ್ತಿದ್ದವು.

ಈ ಜಡೆಯಪ್ಪ ಒಂದು ಹೆಬ್ಬಾವನ್ನು ಸಾಕಿದ್ದ. ಹಿಂದೊಮ್ಮೆ ಹೊಳೆಗೆ ಮಹಾಪೂರ ಬಂದಾಗ ಮೊಳದುದ್ದದ ಮರಿಯೊಂದು ಬಿದಿರಿನ ಗಳಕ್ಕೆ ಸುತ್ತಿಕೊಂಡು ತೇಲಿ ಬಂದಿತ್ತು. ಜಡೆಯಪ್ಪ ಕೈ ಚಾಚಿದ. ಮರಿ ಬಿದಿರನ್ನು ಬಿಟ್ಟು ಅವನ ಕೈಗೆ ಬಳ್ಳಿಯ ಹಾಗೆ ಸುತ್ತಿಕೊಂಡಿತು. ಅವತ್ತಿಂದ ಅದು ಬಳ್ಳವ್ವ, ಅವನ ಮಗಳು. ಬಳ್ಳವ್ವ ಎಷ್ಟು ಬೆಳೆದಳು ಎಂದರೆ, ಬೆಳಿಗ್ಗೆ ಬಾಲಕ್ಕೆ ಕಚಗುಳಿ ಇಟ್ಟರೆ ಸಂಜೆಗೆ ನಗುತ್ತಿದ್ದಳು.

ಅಪ್ಪ ಮಗಳು ಮೊದಲು ಹಳೆಯ ಬಸರಿ ಮರದ ಪೊಟರೆಯಲ್ಲಿ ಇದ್ದರು. ಒಂದು ದಿನ ಆನೆಯೊಂದು ಬೆನ್ನು ತುರಿಸಿಕೊಳ್ಳಲು ಬಂದು ಮರವನ್ನೇ ಕೆಡವಿತು. ಸರಿ, ಇಬ್ಬರೂ ಗುಡ್ಡದ ಕಲ್ಲುಗವಿಗೆ ಬಂದು ಸೇರಿದರು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಬಳ್ಳವ್ವನ ಮೈ ಬೂದಿ ಬಳಿದ ಹಾಗೆ ಮಂಕಾಗಿತ್ತು. ಕಣ್ಣಿಗೆ ಹಾಲು ಹುಯ್ದ ಹಾಗೆ ಬಿಳಿ ಕವಿದಿತ್ತು. ಹಾವು ಪೊರೆ ಬಿಡುವ ಮೊದಲು ಹೀಗೆ ಆಗುವುದು ಹೊಸದಲ್ಲ. ಆದರೆ ಹಿಂದೆಲ್ಲ ಬಳ್ಳವ್ವ ತನ್ನ ಪಾಡಿಗೆ ತಾನು ಪೊದೆಗೆ ಹೋಗಿ, ಪೊರೆ ಬಿಟ್ಟು, ಥಳಥಳ ಹೊಳೆಯುತ್ತಾ ಬರುತ್ತಿದ್ದಳು. ಮಗಳು ಎಲ್ಲೋ ಎಣ್ಣೆ ಸ್ನಾನ ಮಾಡಿಕೊಂಡು ಬಂದಳು ಎಂದು ಜಡೆಯಪ್ಪ ತಿಳಿದಿದ್ದ. ಹೀಗಾಗಿ ಬಿಳಿ ಕಣ್ಣನ್ನು ಅವನು ನೋಡಿದ್ದು ಇದೇ ಮೊದಲು.

"ಅಯ್ಯಯ್ಯೋ ನನ್ನ ಮಗಳಿಗೆ ಕಣ್ಣು ಹೋಯಿತು," ಎಂದು ಎದೆ ಬಡಿದುಕೊಂಡ. "ಹೊರಗೆ ಕಾಲಿಡಬೇಡ ಕಂದ."

"ನನಗೆಲ್ಲಿ ಕಾಲು ಅಪ್ಪಯ್ಯ? ನಾನು ಹೇಳುವುದು ಸ್ವಲ್ಪ ಕೇಳು..."

ಅಷ್ಟರಲ್ಲಿ ಗವಿಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ಸಿಂಗಾರಪ್ಪ ಎಂಬ ನರಿ. ಯಾರ ಮನೆಯಲ್ಲಿ ಅಳು ಕೇಳಿದರೂ ಅಲ್ಲಿ ಹಾಜರು. ಮೂಗಿಗೆ ಮಾತ್ರ ಜಡೆಯಪ್ಪ ಕೂಡಿಟ್ಟ ಜೇನಿನ ವಾಸನೆ ಹೊಡೆದಿತ್ತು.

"ಏನಣ್ಣ ಜಡೆಯಣ್ಣ, ಹಾವಿನ ಖಾಯಿಲೆಯೇ?" ಎಂದು ಒಳಗೆ ಬಂದು, ಬಳ್ಳವ್ವನ ಬಾಲ ಹಿಡಿದು ನಾಡಿ ನೋಡಿದ. "ಓಹೋ. ಇದು ಹಾಸಿಗೆ ದೋಷ. ಬರಿ ಕಲ್ಲಿನ ಮೇಲೆ ಮಲಗಿಸಿದರೆ ಇನ್ನೇನಾಗುತ್ತದೆ? ಏಳು ಕಾಡಿನ ಹಾವುಗಳಿಗೆ ಹಾಸಿಗೆ ಹಾಸಿದವನು ನಾನು."

"ನಿನ್ನ ಕಾಲಿಗೆ ಬೀಳ್ತೀನಿ ಸಿಂಗಾರಪ್ಪ. ಏನು ಹಾಸಲಿ ಹೇಳು."

"ಮೊದಲು ಒಂದು ಜೇನುತಟ್ಟೆ ತಾ. ಬಾಯಿ ಸಿಹಿಯಾಗದೆ ಔಷಧ ನೆನಪಿಗೆ ಬರುವುದಿಲ್ಲ."

ಬಳ್ಳವ್ವ ತಲೆ ಎತ್ತಿದಳು. "ಅಪ್ಪಯ್ಯ, ನನಗೆ ಬೇಕಾದದ್ದು..."

"ಶ್," ಎಂದ ಸಿಂಗಾರಪ್ಪ. "ಖಾಯಿಲೆಯವರು ಮಾತಾಡಬಾರದು. ಬಾಯಿ ತೆರೆದರೆ ಖಾಯಿಲೆ ಒಳಕ್ಕೆ ಇಳಿಯುತ್ತದೆ. ಜಡೆಯಣ್ಣ, ಮಗಳು ಬೇಕೋ ಮಗಳ ಮಾತು ಬೇಕೋ?"

"ಮಗಳು ಬೇಕಪ್ಪ. ಬಳ್ಳವ್ವ, ಬಾಯಿ ಮುಚ್ಚಿಕೊಂಡಿರವ್ವ."

ಜೇನುತಟ್ಟೆ ಕೈಗೆ ಬಂದ ಮೇಲೆ ನರಿ ಮರಳು ಹಾಸಲು ಹೇಳಿದ. ಜಡೆಯಪ್ಪ ಹೊಳೆಗೆ ಓಡಿದ. ಅವನು ತೋಡಿದ ರಭಸಕ್ಕೆ ಹೊಳೆಯೇ ಅರ್ಧ ಹರದಾರಿ ಆಚೆ ಸರಿದು ಹರಿಯಿತು. ಕಾದ ಮರಳನ್ನು ತಂದು ಗವಿ ತುಂಬ ಸುರಿದ. ಬಳ್ಳವ್ವ ಅದರ ಮೇಲೆ ಮಲಗಿದಳು. ಮರಳು ಮೈಯಲ್ಲಿದ್ದ ಪಸೆಯನ್ನೆಲ್ಲ ಹೀರಿತು. ಪೊರೆ ಒಣಗಿ, ಮೈಗೆ ಅಂಟಿಕೊಂಡು, ಹಳೇ ಗೋಡೆಯ ಸುಣ್ಣದ ಹಾಗೆ ಅಲ್ಲಲ್ಲಿ ಚಕ್ಕೆ ಎದ್ದಿತು.

ನಾಲ್ಕು ದಿನ ಬಿಟ್ಟು ಸಿಂಗಾರಪ್ಪ ಬಂದ. ಇನ್ನೊಂದು ಜೇನುತಟ್ಟೆ ಬಗಲಿಗೆ ಇಟ್ಟುಕೊಂಡು ಹೇಳಿದ: "ಮರಳಿನಿಂದ ಖಾಯಿಲೆ ಅರ್ಧ ಹೊರಗೆ ಬಂದಿದೆ. ಉಳಿದ ಅರ್ಧಕ್ಕೆ ಗಂಧದ ಹೊಟ್ಟು ಹಾಸು. ರಾಜಮನೆತನದ ಹಾವುಗಳು ಬೇರೆ ಯಾವುದರ ಮೇಲೂ ಮಲಗುವುದಿಲ್ಲ."

ಜಡೆಯಪ್ಪನಿಗೆ ಅದು ಹಿಡಿಸಿತು. ಬಿದ್ದ ಗಂಧದ ಮರ ಹುಡುಕಿ, ಉಗುರಿನಿಂದಲೇ ಕೆರೆದು ಕೆರೆದು ಹೊಟ್ಟು ಮಾಡಿದ. ಗವಿ ಘಮಘಮ ಎಂದಿತು. ಆದರೆ ಆ ಘಾಟಿಗೆ ಬಳ್ಳವ್ವನ ಮೂಗು ಕಟ್ಟಿತು, ಉಸಿರು ಸುಂಯ್ ಸುಂಯ್ ಎಂದಿತು. ಅವಳು ಒಂದು ಸೀನು ಸೀನಿದಳು ನೋಡಿ, ಗವಿಯಲ್ಲಿದ್ದ ಬಾವಲಿಗಳೆಲ್ಲ ಹಾರುವ ಕಷ್ಟವೇ ಇಲ್ಲದೆ ಎದುರು ಗುಡ್ಡಕ್ಕೆ ಹೋಗಿ ಅಂಟಿಕೊಂಡವು.

ಮೂರನೆಯ ಸಲ ನರಿ ಹೇಳಿದ್ದು ಕೆರೆಯ ಕೆಸರು. "ಒಣಗಿದ್ದು ಆಗಲಿಲ್ಲ, ಅಂದ ಮೇಲೆ ಒದ್ದೆ ಆಗಲೇಬೇಕು. ಎಷ್ಟು ಒದ್ದೆಯೋ ಅಷ್ಟು ಒಳ್ಳೆಯದು." ಮೂರನೆಯ ಜೇನುತಟ್ಟೆಯೂ ಹೋಯಿತು. ಜಡೆಯಪ್ಪ ಕೆಸರು ಹೊತ್ತು ತಂದ. ಎರಡು ದಿನ ಆ ಕೆಸರಿನಲ್ಲಿ ನೆನೆದು ಬಳ್ಳವ್ವನ ಹೊಟ್ಟೆಯ ಮೇಲೆ ಬೊಬ್ಬೆ ಎದ್ದಿತು. ತಲೆ ಎತ್ತಲೂ ತ್ರಾಣ ಉಳಿಯಲಿಲ್ಲ. ಕಣ್ಣಿನ ಬಿಳಿ ಹಾಗೇ ಇತ್ತು.

ಸಿಂಗಾರಪ್ಪ ಬಂದು ನೋಡಿ, ಮೂತಿ ಜೋಲು ಹಾಕಿದ. "ಜಡೆಯಣ್ಣ, ನಮ್ಮ ಕೈಯಲ್ಲಿ ಆದದ್ದು ಮಾಡಿದೆವು. ಇನ್ನು ಐದು ದಿನ ಉಳಿದರೆ ಹೆಚ್ಚು. ಸತ್ತ ಹಾವು ಗವಿಯಲ್ಲಿದ್ದರೆ ಗವಿಗೆ ಕೇಡು. ನೀನು ಚಿಂತೆ ಮಾಡಬೇಡ, ನಾನೇ ಬಂದು ಒಯ್ದು ಮಣ್ಣು ಮಾಡ್ತೀನಿ."

ನರಿ ಹೋದ. ಜಡೆಯಪ್ಪ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಮಾತಾಡಬಾರದು ಎಂದದ್ದು ನೆನಪಿತ್ತು. ಆದರೆ ಸಾಯುವ ಮಗಳ ಜೊತೆ ಮಾತಾಡದೆ ಇರಲು ಅವನಿಂದ ಆಗಲಿಲ್ಲ.

"ಬಳ್ಳವ್ವ, ಏನಾದರೂ ಬೇಕೇನವ್ವ?" ಎಂದ.

ಬಳ್ಳವ್ವ ತಲೆಯನ್ನು ಅವನ ಕಡೆ ಹೊರಳಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಇದನ್ನು ಮೊದಲೇ ಕೇಳಿದ್ದರೆ ನಿನ್ನ ಹೊಳೆ ಇದ್ದಲ್ಲೇ ಇರುತ್ತಿತ್ತು ಅಪ್ಪಯ್ಯ. ನನಗೆ ಖಾಯಿಲೆ ಇರಲಿಲ್ಲ. ಪೊರೆ ಬಿಡಬೇಕಾಗಿತ್ತು, ಅಷ್ಟೇ. ಕಣ್ಣಿನ ಮೇಲೂ ಪೊರೆ ಇರುತ್ತದೆ. ಅದು ಕಳಚದಿದ್ದರೆ ನಾನು ಕುರುಡಿಯೇ ಸರಿ."

"ಮತ್ತೆ ಏನು ಹಾಸಬೇಕಾಗಿತ್ತು?"

"ನಮ್ಮ ಬಸರಿ ಮರ ಬಿದ್ದಿದೆಯಲ್ಲ, ಅದರ ಬುಡದಲ್ಲಿ ಮೂರು ಮಳೆಗಾಲ ಕೊಳೆತು ಕಪ್ಪಾದ ತರಗೆಲೆ ಇದೆ. ಅದನ್ನು ತಾ. ಮುಷ್ಟಿಯಲ್ಲಿ ಹಿಂಡಿ ನೋಡು. ನೀರು ತೊಟ್ಟಿಕ್ಕಿದರೆ ಹೆಚ್ಚು ಒದ್ದೆ, ಬಿಸಿಲಿಗೆ ಹರವು. ಪುಡಿಪುಡಿಯಾದರೆ ಹೆಚ್ಚು ಒಣ, ನೀರು ಚಿಮುಕಿಸು. ರಾಗಿ ಮುದ್ದೆಯ ಹಾಗೆ ಉಂಡೆ ನಿಂತರೆ ಸರಿ. ಅದನ್ನು ಗವಿಯ ಒಳಮೂಲೆಗೆ ಮಾತ್ರ ಹಾಕು. ಬಾಗಿಲ ಕಡೆ ಒಣಗಿದ ಎಲೆ ಇರಲಿ."

"ಎರಡು ಹಾಸಿಗೆ ಯಾಕವ್ವ?"

"ನಿನಗೆ ಸೆಕೆಯಾದರೆ ನೀನು ನೆರಳಿಗೆ ಹೋಗ್ತೀಯ, ಚಳಿಯಾದರೆ ಬಿಸಿಲಿಗೆ ಬರ್ತೀಯ. ನನಗೂ ಹಾಗೇ. ಬೇಕಾದಾಗ ತಂಪಿಗೆ, ಬೇಡವಾದಾಗ ಒಣಕ್ಕೆ."

"ಏಳು ಕಾಡಿನ ಪಂಡಿತನಿಗೆ ತಿಳಿಯದ್ದು ನಿನಗೆ ಹೇಗೆ ತಿಳಿಯಿತು?"

"ನಾನು ಹೊಟ್ಟೆಯ ಮೇಲೆ ನಡೆಯುವವಳು ಅಪ್ಪಯ್ಯ. ನೆಲದ ಸಂಗತಿ ನನಗಿಂತ ಯಾರಿಗೆ ಗೊತ್ತು?"

ಜಡೆಯಪ್ಪ ಎದ್ದ. ಕೆಸರನ್ನೆಲ್ಲ ಬಳಿದು ಹೊರಗೆಸೆದ. ಗವಿಯನ್ನು ಒರೆಸಿದ. ಬಸರಿ ಮರದ ಬುಡಕ್ಕೆ ಹೋಗಿ ತರಗೆಲೆ ತಂದ. ಒಂದೊಂದು ಹಿಡಿಯನ್ನೂ ಹಿಂಡಿ ನೋಡಿದ. ಅವನ ಮುಷ್ಟಿ ದೊಡ್ಡದು, ಒಂದೊಂದು ಉಂಡೆಯೂ ಕುಂಬಳಕಾಯಿಯಷ್ಟಿತ್ತು. ಬಂಡೆಯ ಗುಳಿಯಲ್ಲಿ ನೀರು ತುಂಬಿಸಿಟ್ಟ. ಬಳ್ಳವ್ವ ಮೊದಲು ಒಣಗಿದ ಎಲೆಯ ಮೇಲೆ ಮಲಗಿದಳು. ಹೊಟ್ಟೆಯ ಬೊಬ್ಬೆ ಆರಿತು. ಆಮೇಲೆ ಮೆಲ್ಲಗೆ ಒಳಮೂಲೆಯ ತಂಪಿಗೆ ಸರಿದಳು. ಜಡೆಯಪ್ಪ ದಿನವೂ ಹಿಂಡಿ ನೋಡುವುದು, ಒಣಗಿದ್ದರೆ ನೀರು ಚಿಮುಕಿಸುವುದು. ಬೇರೆ ಕೆಲಸ ಮುಟ್ಟಲಿಲ್ಲ.

ಐದನೆಯ ದಿನ ಬೆಳಿಗ್ಗೆ ಬಳ್ಳವ್ವ ಮೂತಿಯನ್ನು ಕಲ್ಲಿಗೆ ಉಜ್ಜಿದಳು. ತುಟಿಯ ಹತ್ತಿರ ಪೊರೆ ಬಿಟ್ಟುಕೊಂಡಿತು. ಕಣ್ಣಿನ ಮೇಲಿನದೂ ಅದರ ಜೊತೆಗೆ ಬಂತು. ತಲೆಯ ಕಡೆ ಶುರುವಾದದ್ದು ಬಾಲ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಚಕ್ಕೆ ಎದ್ದಿದ್ದ ಕಡೆ ಎರಡು ಮೂರು ತೂತು ಬಿಟ್ಟರೆ, ಪೊರೆ ಇಡಿಯಾಗಿ ಇಳಿದು ಒಳಮೂಲೆಯ ಎಲೆಯ ಮೇಲೆ ಸುರುಳಿಯಾಗಿ ಬಿತ್ತು.

ಬಳ್ಳವ್ವ ಕಣ್ಣರಳಿಸಿ ನೋಡಿದಳು. "ಅಪ್ಪಯ್ಯ, ಎಷ್ಟು ಬಡವಾಗಿದ್ದೀಯ," ಎಂದಳು.

ಜಡೆಯಪ್ಪ ಮಗಳನ್ನು ಹೆಗಲಿಗೆ ಏಳು ಸುತ್ತು ಸುತ್ತಿಕೊಂಡು ನೀರು ಹುಯ್ಯಲು ಹೊಳೆಗೆ ಕರೆದುಕೊಂಡು ಹೋದ. ಇಬ್ಬರೂ ನೀರಿಗೆ ಇಳಿದಿದ್ದಾಗ ಗುಡ್ಡದ ಕಡೆಯಿಂದ ಏನೋ ಸರಸರ ಸದ್ದು. ನೋಡುತ್ತಾರೆ, ಸಿಂಗಾರಪ್ಪ ಬಳ್ಳವ್ವನ ಪೊರೆಯನ್ನು ಕತ್ತಿನ ಹತ್ತಿರ ಕಚ್ಚಿ ಹಿಡಿದು, ಕಣ್ಣು ಮುಚ್ಚಿಕೊಂಡು, ಓಟ ಕಿತ್ತಿದ್ದಾನೆ. ಗವಿಯ ಕತ್ತಲೆ ಮೂಲೆಯಲ್ಲಿ ಸುರುಳಿ ಬಿದ್ದಿದ್ದನ್ನು ಕಂಡು ಹಾವು ಸತ್ತಿದೆ ಎಂದುಕೊಂಡಿದ್ದ. ಕರಡಿ ಬರುವ ಮೊದಲು ಕೆಲಸ ಮುಗಿಸುವ ಅವಸರ.

"ಅದನ್ನು ಮಣ್ಣು ಮಾಡ್ತಾನಂತೆ," ಎಂದ ಜಡೆಯಪ್ಪ. "ಕೂಗಿ ಹೇಳಲೇ?"

"ಬಿಡು ಅಪ್ಪಯ್ಯ. ಖಾಯಿಲೆಯವರು ಮಾತಾಡಬಾರದು."

ಮುಂದೆ ನಡೆದದ್ದನ್ನು ಮರದ ಮೇಲಿಂದ ನೋಡಿದ ಮುಸುವ ಕೋತಿಯೊಂದು ಬಂದು ಜಡೆಯಪ್ಪನಿಗೆ ಹೇಳಿತು. ಸಿಂಗಾರಪ್ಪ ತನ್ನ ಬಂಧುಬಳಗಕ್ಕೆಲ್ಲ ಹೆಬ್ಬಾವಿನ ಊಟಕ್ಕೆ ಹೇಳಿ ಬಂದಿದ್ದನಂತೆ. ಎರಡು ದಿನದಿಂದ ಉಪವಾಸವಿದ್ದು ನಲವತ್ತು ನರಿಗಳು ಸಾಲಾಗಿ ಕೂತಿದ್ದವಂತೆ.

"ನೋಡಿದಿರಾ," ಎಂದನಂತೆ ಸಿಂಗಾರಪ್ಪ, "ಎಂಟು ಆನೆ ಎಳೆಯಬೇಕಾದ ಹಾವನ್ನು ಒಬ್ಬನೇ ತಂದೆ. ಹೂವಿನ ಹಾಗೆ ಹಗುರ ಅನ್ನಿಸಿತು. ಜೇನು ನೆಕ್ಕಿದ ಮೈ ಇದು."

ಅವನ ದೊಡ್ಡತ್ತೆ, ಹಲ್ಲು ಬಿದ್ದ ಮುದಿ ನರಿ, ಮುಂದೆ ಬಂದು ಮೂಸಿ ನೋಡಿದಳು. ಕಾಲಿನಿಂದ ಎತ್ತಿದಳು. ಗಾಳಿ ಬೀಸಿತು. ಹಾವು ಪಟಪಟ ಎಂದು ಹಾರಿ ಮುಳ್ಳುಗಿಡಕ್ಕೆ ಸಿಕ್ಕಿಕೊಂಡಿತು.

"ಏನಪ್ಪ ಅಳಿಯ," ಎಂದಳು ದೊಡ್ಡತ್ತೆ, "ಊಟಕ್ಕೆ ಕರೆದು ಅಂಗಿ ಒಣಹಾಕಿದ್ದೀಯಲ್ಲ. ಹಾವು ಎಲ್ಲಿ?"

"ಇದರೊಳಗೇ ಇರಬೇಕು, ನೋಡಿ."

"ನೀನೇ ಒಳಗೆ ಹೋಗಿ ನೋಡಿಕೊಂಡು ಬಾ."

ನಲವತ್ತು ನರಿಗಳು ನಕ್ಕವು. ನಕ್ಕ ಮೇಲೆ ಹಸಿವು ಇನ್ನೂ ಹೆಚ್ಚಾಯಿತು. ಆಗ ದೊಡ್ಡತ್ತೆಯ ಮೂಗು ಅರಳಿತು. "ಏನೋ ಸಿಹಿ ವಾಸನೆ," ಎಂದು ಸಿಂಗಾರಪ್ಪನ ಬಿಲದೊಳಗೆ ನುಗ್ಗಿದಳು. ಹಿಂದೆ ಎಲ್ಲರೂ ನುಗ್ಗಿದರು. ಮಳೆಗಾಲಕ್ಕೆಂದು ಬಚ್ಚಿಟ್ಟಿದ್ದ ಮೂರು ಜೇನುತಟ್ಟೆಯೂ ಕ್ಷಣದಲ್ಲಿ ಖಾಲಿ. ಸಿಂಗಾರಪ್ಪನಿಗೆ ಉಳಿದದ್ದು ಅಂಗೈಯಗಲ ಮೇಣ. ಅದನ್ನು ಅಗಿದ. ಹಲ್ಲಿಗೆ ಅಂಟಿಕೊಂಡು ಬಾಯಿ ಬಿಡಿಸಲಿಕ್ಕೇ ಬರದಂತಾಯಿತು. ಆ ಪಂಡಿತ ಆಮೇಲೆ ಮೂರು ತಿಂಗಳು ಯಾರಿಗೂ ಔಷಧ ಹೇಳಲಿಲ್ಲ.

ಇತ್ತ ಗವಿಯಲ್ಲಿ ಜಡೆಯಪ್ಪ ತರಗೆಲೆ ಸರಿಮಾಡಿ, ಕೈ ಒರೆಸಿಕೊಂಡು ಕೇಳಿದ: "ಈವತ್ತು ಯಾವ ಕಡೆ ಮಲಗ್ತೀಯವ್ವ? ಒಣ ಕಡೆಯೋ, ತಂಪು ಕಡೆಯೋ?"

ಬಳ್ಳವ್ವ ಸ್ವಲ್ಪ ಯೋಚನೆ ಮಾಡಿ, "ಎರಡೂ ಕಡೆ," ಎಂದಳು. ತಲೆಯನ್ನು ಬಾಗಿಲ ಹತ್ತಿರ ಒಣ ಎಲೆಯ ಮೇಲೆ ಇಟ್ಟಳು, ಬಾಲವನ್ನು ಒಳಮೂಲೆಯ ತಂಪಿಗೆ ಚಾಚಿದಳು. ನಡುವೆ ಗವಿ ತುಂಬಿಹೋಯಿತು. ಜಡೆಯಪ್ಪನಿಗೆ ಕಾಲೂರಲೂ ಜಾಗ ಉಳಿಯಲಿಲ್ಲ. ಅವನು ಹೊರಗೆ ಬಂಡೆಗೆ ಒರಗಿ ಕೂತು, "ನೀನು ಎಲ್ಲಿ ಮಲಗ್ತೀಯ ಎಂದು ನನ್ನನ್ನೂ ಯಾರಾದರೂ ಒಂದು ಮಾತು ಕೇಳಬಾರದೇ?" ಎಂದ.

ನೀತಿ: ಹಾಸಿಗೆ ಹಾಸುವ ಮೊದಲು ಅದರ ಮೇಲೆ ಮಲಗುವವರನ್ನು ಕೇಳಬೇಕು, ಅವರನ್ನು ಕೇಳಬೇಡ ಎನ್ನುವ ಪಂಡಿತನನ್ನು ನಂಬಬಾರದು.