ನಡುಗಿದ ಮುಳ್ಳು

ಹಳೆಯ ಸ್ಪೋರ್ಟ್ಸ್ ಕಾರು ಬೆಟ್ಟದ ತಿರುವಿನಲ್ಲಿ ನಿಂತು, ನಿಂತಲ್ಲೇ ಕೆಮ್ಮತೊಡಗಿತು. ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಮೀಟರಿನ ಮುಳ್ಳು ತರತರ ನಡುಗುತ್ತಿತ್ತು. "ಈ ಮೀಟರೇ ಕೆಟ್ಟಿದೆ, ಕಿತ್ತು ಬಿಸಾಡು" ಎಂದು ಒಡೆಯ ಬೋಪಯ್ಯ ಜೊತೆಗಿದ್ದ ಮೆಕ್ಯಾನಿಕ್ ಫೆಲಿಕ್ಸ್‌ಗೆ ಹೇಳಿದ.

ಇಂಜಿನ್ನಿನಲ್ಲಿ ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಪಾಯಿಂಟು ಒಳಗಿನಿಂದ ಮೀಟರನ್ನು ಕೂಗಿತು: "ಅಣ್ಣಾ, ಸ್ವಲ್ಪ ಅಲ್ಲಾಡದೆ ನಿಲ್ಲಬಾರದೆ? ಹಾಗಿದ್ದರೆ ನಿನ್ನನ್ನು ಯಾರೂ ಕೀಳುವುದಿಲ್ಲ."

"ನೀನು ಕಿಡಿ ತಪ್ಪಿಸುತ್ತಿದ್ದೀಯ. ನಾನು ಅದನ್ನೇ ತೋರಿಸುತ್ತಿದ್ದೇನೆ" ಎಂದಿತು ಮೀಟರು.

"ನಲವತ್ತು ವರ್ಷದ ಸ್ನೇಹ! ರೇಸಿನ ದಿನ ಇದೇ ಬೆಟ್ಟವನ್ನು ಒಟ್ಟಿಗೆ ಹತ್ತಿದ್ದು ಮರೆತೆಯಾ?"

"ಮರೆತಿಲ್ಲ. ಅಂದು ನೀನು ಒಂದು ಕಿಡಿಯನ್ನೂ ತಪ್ಪಿಸಲಿಲ್ಲ. ಆರು ಸಾವಿರ ಸುತ್ತು ಎಂದು ನಾನು ತೋರಿಸಿದೆ, ಬೋಪಯ್ಯ ನಂಬಿದ. ಇಂದು ನಾನು ಸುಳ್ಳು ಹೇಳಿದರೆ ಅಂದಿನ ನಿನ್ನ ಓಟವನ್ನು ಯಾರು ನಂಬುತ್ತಾರೆ?"



ಫೆಲಿಕ್ಸ್ ಮೀಟರಿನ ತಂತಿ ಕಳಚಿ, ಅದನ್ನು ಬಿಟ್ಟು ಕರೆಂಟನ್ನು ನೇರವಾಗಿ ಇಂಜಿನ್ನಿಗೆ ಹಾಯಿಸಿ ನೋಡಿದ. ಇಂಜಿನ್ ಆಗಲೂ ಕೆಮ್ಮಿತು. "ಪಾಪ, ಮೀಟರಿನ ಮೇಲೆ ಯಾಕೆ ಸಿಟ್ಟು ಸಾರ್?" ಎಂದು ತಂತಿಯನ್ನು ಮತ್ತೆ ಜೋಡಿಸಿ, ಕಪ್ಪಾಗಿದ್ದ ಪಾಯಿಂಟನ್ನು ಉಜ್ಜಿ ಹೊಳಪಾಗಿಸಿದ.

ಇಂಜಿನ್ ಒಂದೇ ಸಮನೆ ಓಡಿತು, ಮುಳ್ಳು ನಡುಗದೆ ಮೇಲೇರಿತು.

"ಈಗ ಎಷ್ಟು?" ಎಂದು ಪಾಯಿಂಟು ಅಳುಕುತ್ತ ಕೇಳಿತು.

"ಮೂರು ಸಾವಿರ" ಎಂದಿತು ಮೀಟರು. "ನಿನ್ನಿಂದ ಇನ್ನೂ ಆಗುತ್ತದೆ, ಬೆಟ್ಟ ಹತ್ತು."