ಮೇಲೇ ಉಳಿದ ಬುಟ್ಟಿ

"ಮಾಸ್ತರರೇ, ಲಿಫ್ಟನ್ನು ಏಣಿ ಎಂದು ಬರೆದರೆ ತಪ್ಪೇನು?" ಎಂದು ಹುಲಿಗೆಮ್ಮ ಕೇಳಿದಳು.

ಅವಳು ಮಾಸ್ತರರ ಬಳಿಯೇ ಫ್ರೆಂಚ್ ಕಲಿತವಳು. ಈಗ ಫ್ರೆಂಚಿನ ಒಂದು ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದಳು. ಹೋಟೆಲಿನ ಬಟ್ಟೆ ಒಗೆಯುವ ಒಬ್ಬ ಹೆಂಗಸು ತನ್ನ ಬದುಕಿನ ಬಗ್ಗೆ ಬರೆದ ಪುಸ್ತಕ ಅದು.

"ಬಡವರು ಮೇಲೆ ಬರುವುದನ್ನು ಹೇಳುವಾಗ ಫ್ರೆಂಚರು ಸಮಾಜದ ಲಿಫ್ಟು ಅನ್ನುತ್ತಾರೆ. ಇಂಗ್ಲಿಷಿನವರು ಏಣಿ ಅನ್ನುತ್ತಾರೆ. 'ಲಿಫ್ಟು ನಮ್ಮ ಮಹಡಿಗೆ ಬರಲೇ ಇಲ್ಲ' ಎಂದು ಈ ಹೆಂಗಸು ಬರೆದಿದ್ದಾಳೆ. ನಾನು ಅದನ್ನು 'ನಮಗೆ ಏಣಿ ಹತ್ತಲಾಗಲಿಲ್ಲ' ಎಂದು ಮಾಡಿದೆ. ಪ್ರಕಾಶಕರು ಮೆಚ್ಚಿದರು. ಓದುವವರು ಎಲ್ಲೂ ಎಡವುವುದಿಲ್ಲ ಅಂದರು. ಎರಡೂ ಮೇಲಕ್ಕೆ ಹೋಗುವುದಕ್ಕೇ ಅಲ್ಲವೇ?"

ಮಾಸ್ತರರು ಅವಳ ಹಾಳೆಗಳನ್ನು ಓದಿ ಮಡಿಲಲ್ಲಿ ಇಟ್ಟುಕೊಂಡರು.

"ಕೂತುಕೋ ತಂಗಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಟ ಇದೆ," ಎಂದು ಶುರು ಮಾಡಿದರು.

ಒಂದು ಕಡಿದಾದ ಬಂಡೆ. ಅದರ ಮೇಲೊಂದು ಊರು, ಕೆಳಗೊಂದು ಊರು. ಮೇಲೆ ಶಾಲೆಯಿತ್ತು, ವೈದ್ಯನಿದ್ದ, ಕೆಲಸವಿತ್ತು. ಕೆಳಗೆ ಜೊಂಡು ಇತ್ತು. ಕೆಳಗಿನವರು ನೀರಿನಲ್ಲಿ ನಿಂತು ಜೊಂಡು ಕೊಯ್ದು ಚಾಪೆ ಹೆಣೆದು ಬದುಕುತ್ತಿದ್ದರು.

ಬಂಡೆಯನ್ನು ಹತ್ತಲು ಯಾರಿಂದಲೂ ಆಗುತ್ತಿರಲಿಲ್ಲ. ಅದರ ತುದಿಯಲ್ಲಿ ಒಂದು ರಾಟೆ. ರಾಟೆಗೆ ಹಗ್ಗ. ಹಗ್ಗಕ್ಕೆ ಒಬ್ಬರು ಕೂರುವಷ್ಟು ದೊಡ್ಡ ಬುಟ್ಟಿ. ಬುಟ್ಟಿಯಲ್ಲಿ ಕೂತವರನ್ನು ಮೇಲಿದ್ದವರು ಎಳೆಯಬೇಕು. ಅದಕ್ಕೆ ಕೆಳಗಿನವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಮೇಲೆ ಹೋದವರು ಬುಟ್ಟಿ ಇಳಿಸಿ, ಸಾಲಿನಲ್ಲಿ ಹಿಂದಿರುವವರನ್ನು ಎಳೆದುಕೊಂಡು, ಆಮೇಲೆ ತಮ್ಮ ದಾರಿ ಹಿಡಿಯಬೇಕು. ಹೀಗಾಗಿ ಅವರ ಭಾಷೆಯಲ್ಲಿ 'ನಾನು ಮೇಲೆ ಬಂದೆ' ಎಂದು ಯಾರೂ ಹೇಳುತ್ತಿರಲಿಲ್ಲ. 'ನನ್ನನ್ನು ಎಳೆದುಕೊಂಡರು' ಎನ್ನುತ್ತಿದ್ದರು. ಉಪಕಾರ ಮರೆತವನಿಗೆ ಅಲ್ಲಿ ಒಂದೇ ಬೈಗುಳ: ಬುಟ್ಟಿ ಇಳಿಸದವನು.

ಮೇಲಿನವರ ಮಾತು ಬೇರೆ. ಅವರ ಮನೆಗಳಲ್ಲಿ ಅಟ್ಟವಿತ್ತು, ಅಟ್ಟಕ್ಕೆ ಏಣಿಯಿತ್ತು. ಯಾರು ಉದ್ಧಾರವಾದರೂ 'ತನ್ನ ಏಣಿ ತಾನೇ ಹತ್ತಿದ' ಎನ್ನುತ್ತಿದ್ದರು. ಅವರು ಹುಟ್ಟಿದ್ದೇ ಬಂಡೆಯ ಮೇಲೆ. ಆದರೂ ಹತ್ತಿ ಬಂದೆವು ಎನ್ನುತ್ತಿದ್ದರು. ರಾಟೆ ಊರಿನ ಹಿಂಬದಿಗೆ, ಕಸ ಎಸೆಯುವ ಕಡೆಗಿತ್ತು. ಅವರು ಅತ್ತ ಹೋಗುತ್ತಿರಲಿಲ್ಲ.

ಕೆಳಗಿನ ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ಮೇಲಿಂದ ಬೀಳುವ ಕಸದಲ್ಲಿ ಹರಿದ ಪುಸ್ತಕ ಸಿಕ್ಕರೆ ಅಕ್ಕ ಒರೆಸಿ ತರುತ್ತಿದ್ದಳು. ಅವುಗಳಿಂದ ತಮ್ಮ ಮೇಲಿನವರ ಭಾಷೆ ಕಲಿತ. ಅಕ್ಕನ ಕಾಲು ಜೊಂಡಿನ ನೀರಿನಲ್ಲಿ ಹುಣ್ಣಾಗಿತ್ತು. ಅವಳು ವೈದ್ಯನ ಬಳಿ ಹೋಗಲೇಬೇಕಿತ್ತು. ಬುಟ್ಟಿಯ ಸರದಿ ಅವಳಿಗೆ ಬಂದ ದಿನ ಅವಳು ತಮ್ಮನನ್ನು ಮುಂದೆ ತಳ್ಳಿದಳು.

"ನೀನು ಮೊದಲು ಹೋಗು. ನಿನ್ನ ತೋಳು ಗಟ್ಟಿ. ಮೇಲಿಂದ ನನ್ನನ್ನು ಎಳೆ. ಮರೆತುಗಿರೆತು ಬಿಟ್ಟೀಯೆ, ಕೋತಿ."

"ಮರೆತರೆ ಬುಟ್ಟಿ ಇಳಿಸದವನು ಅಂತ ಊರೆಲ್ಲ ಬೈಯಲಿ ಅಕ್ಕಾ," ಎಂದು ತಮ್ಮ ನಕ್ಕ.

ಅವನನ್ನು ಎಳೆದುಕೊಂಡವನು ತನ್ನ ಪಾಲು ಮುಗಿಯಿತೆಂದು ಹೊರಟುಹೋದ. ತಮ್ಮ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಒಬ್ಬ ಜವಾನ ಬಂದ. ಕೆಳಗಿನಿಂದ ಬಂದ ಆಳುಗಳ ಮಾತು ತಿಳಿಯದೆ ಊರ ಹಿರಿಯರು ಒಬ್ಬ ದುಭಾಷಿಯನ್ನು ಹುಡುಕುತ್ತಿದ್ದರು. ಎರಡೂ ಭಾಷೆ ಬಲ್ಲ ಇವನನ್ನು ಜವಾನ ಕೈ ಹಿಡಿದು ಕರೆದ. ಈಗ ಬಂದರೆ ಕೆಲಸ, ತಡವಾದರೆ ಇಲ್ಲ ಅಂದ. ತಮ್ಮ ಹಗ್ಗವನ್ನು ಗೂಟಕ್ಕೆ ಕಟ್ಟಿ ಹೋದ. ಸಂಜೆಗೆ ಬಂದು ಇಳಿಸಿದರಾಯಿತು ಅಂದುಕೊಂಡ.

ಹಿರಿಯರು ಅವನ ಕೊರಳಿಗೆ ಹಾರ ಹಾಕಿದರು. "ಯಾರ ನೆರವೂ ಇಲ್ಲದೆ ಹತ್ತಿ ಬಂದವನು," ಎಂದು ಹೊಗಳಿದರು. ಅವನು ಇಲ್ಲ ಅನ್ನಲಿಲ್ಲ. ಅಷ್ಟೇ ಅವನು ಮಾಡಿದ್ದು. ಒಮ್ಮೆ ಇಲ್ಲ ಅನ್ನದಿದ್ದ ಮೇಲೆ ರಾಟೆಯ ಹತ್ತಿರ ಹೋಗುವುದು ಹೇಗೆ? ಯಾರಾದರೂ ಕಂಡರೆ ಹಾರ ಸುಳ್ಳಾಗುತ್ತಿತ್ತು. ನಾಳೆ ಹೋಗುತ್ತೇನೆ ಅಂದುಕೊಂಡ. ನಾಳೆಗಳು ಕೂಡಿ ವರ್ಷಗಳಾದವು. ಬುಟ್ಟಿ ಮೇಲೇ ಉಳಿಯಿತು. ಕೆಳಗೆ ಅಕ್ಕ ನಿಂತಳು. ಅವಳ ಹಿಂದೆ ಇಡೀ ಸಾಲು ನಿಂತಿತು.

ಒಂದು ದಿನ ಕೆಳಗಿನವರೆಲ್ಲ ಸೇರಿ ಕೂಗತೊಡಗಿದರು. ಗದ್ದಲ ಕೇಳಿ ಹಿರಿಯರು ಬಂಡೆಯ ಅಂಚಿಗೆ ಬಂದರು. ದುಭಾಷಿಯನ್ನೂ ಕರೆತಂದರು. ಕೆಳಗೆ ಎಲ್ಲರ ಮುಂದೆ ಅಕ್ಕ ನಿಂತಿದ್ದಳು.

"ಬುಟ್ಟಿ ಮೇಲೇ ಉಳಿದಿದೆ, ಇಳಿಸಿ!" ಎಂದು ಅವಳು ಕೂಗಿದಳು.

"ಏನಂತೆ?" ಎಂದು ಹಿರಿಯರು ಕೇಳಿದರು.

"ಏಣಿ ಹತ್ತಲು ಆಗುತ್ತಿಲ್ಲವಂತೆ," ಎಂದು ದುಭಾಷಿ ಹೇಳಿದ.

ಹಿರಿಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಕಣ್ಣೊರೆಸಿಕೊಂಡರು. ಹತ್ತಲು ಅನುಕೂಲವಾಗಲಿ ಎಂದು ಗಟ್ಟಿ ಚಪ್ಪಲಿಗಳನ್ನು ತರಿಸಿ, ಗಂಟು ಕಟ್ಟಿ ಕೆಳಗೆ ಎಸೆದರು. ಛಲ ಬಿಡಬೇಡಿ ಎಂದು ಕೂಗಿ ಹುರಿದುಂಬಿಸಿದರು.

ಅಕ್ಕ ಒಂದು ಚಪ್ಪಲಿ ಎತ್ತಿಕೊಂಡಳು. ಹುಣ್ಣಾದ ಪಾದ ಅದರೊಳಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ನೆರೆಯವಳು ಕಂಕುಳಲ್ಲಿ ಜ್ವರದ ಕೂಸನ್ನು ಹೊತ್ತು ನಿಂತಿದ್ದಳು. ಅವಳ ಸಿಟ್ಟು ನೆತ್ತಿಗೇರಿತು.

"ಅಲ್ಲಿ ನಿಂತಿರುವವನು ನಿನ್ನ ತಮ್ಮನೇ ಕಣೇ! ಬುಟ್ಟಿ ಕೇಳಿದರೆ ಚಪ್ಪಲಿ ಬರುತ್ತದೆ ಅಂದರೆ ಅವನೇ ಮಾತು ಕೆಡಿಸಿದ್ದಾನೆ. ಬುಟ್ಟಿ ಇಳಿಸದವನು!"

"ಬಾಯಿ ಮುಚ್ಚು," ಎಂದಳು ಅಕ್ಕ. "ನನ್ನ ತಮ್ಮ ಸರಿಯಾಗಿಯೇ ಹೇಳಿರುತ್ತಾನೆ. ಅವರ ಭಾಷೆಯಲ್ಲಿ ಬುಟ್ಟಿಯೇ ಇಲ್ಲವೇನೋ, ಪಾಪ. ಹುಡುಗ ಒಬ್ಬನೇ ಏನು ಮಾಡಿಯಾನು?"

ಬಂಡೆಗೆ ತಾಕಿ ಮಾತು ಮೇಲಕ್ಕೆ ಬಂತು. ಹಿರಿಯರಿಗೆ ಅರ್ಥವಾಗಲಿಲ್ಲ. ದುಭಾಷಿಗೆ ಆಯಿತು. 

"ಈಗೇನಂದಳು?" ಎಂದು ಹಿರಿಯರು ಕೇಳಿದರು.

"ನಾನು ತಪ್ಪು ಹೇಳಿದೆ," ಎಂದ ದುಭಾಷಿ. "ಹತ್ತಲಾಗಲಿಲ್ಲ ಎಂದು ಅವಳು ಹೇಳಲೇ ಇಲ್ಲ. ಬುಟ್ಟಿ ಇಳಿಸಿ ಎಳೆದುಕೊಳ್ಳಿ ಅಂದಳು. ನಾನೂ ಹತ್ತಿ ಬಂದವನಲ್ಲ. ನನ್ನನ್ನು ಇವರಲ್ಲೊಬ್ಬ ಎಳೆದುಕೊಂಡ."

"ಎಳೆದುಕೊಳ್ಳುವುದು ಅಂದರೇನು? ನಮ್ಮಲ್ಲಿ ಅಂಥ ಮಾತೇ ಇಲ್ಲವಲ್ಲ."

ಅವನು ಗೂಟದ ಹಗ್ಗ ಬಿಚ್ಚಿದ. ಬುಟ್ಟಿ ಇಳಿಬಿಟ್ಟ. ಹಗ್ಗದ ತುದಿಯನ್ನು ಹಿರಿಯರ ಕೈಗೆ ಕೊಟ್ಟ. "ಹಿಡಿಯಿರಿ. ಮಾತು ಆಮೇಲೆ ಹುಟ್ಟುತ್ತದೆ," ಅಂದ.

ಎಲ್ಲರೂ ಎಳೆದರು. ಹಿರಿಯರ ಅಂಗೈ ಕೆಂಪಾಯಿತು. ಬುಟ್ಟಿ ಭಾರವಾಗಿ ಮೇಲೆ ಬಂತು. ತಮ್ಮ ಬಗ್ಗಿ ನೋಡಿದ. ಒಳಗೆ ಅಕ್ಕ ಇರಲಿಲ್ಲ. ಅವನನ್ನು ಬೈದ ನೆರೆಯವಳು ಕೂಸನ್ನು ಅಪ್ಪಿಕೊಂಡು ಕೂತಿದ್ದಳು.

"ನಮ್ಮಕ್ಕ ಎಲ್ಲಿ?"

"ಕೂರು ಅಂದರೂ ಕೂರಲಿಲ್ಲ. ಕೂಸು ಮೊದಲು ಅಂದಳು. ಬುಟ್ಟಿ ಇಳಿಯಿತಲ್ಲ, ಇನ್ನೇನು, ನನ್ನ ತಮ್ಮ ಇದ್ದಾನೆ ಅಂದಳು." ನೆರೆಯವಳು ಕೂಸನ್ನು ಒಬ್ಬ ಹಿರಿಯರ ಕೈಗೆ ಕೊಟ್ಟು ವೈದ್ಯನ ಕಡೆಗೆ ಕಳಿಸಿ ಸೆರಗು ಬಿಗಿದಳು. "ಸರಿ ಅತ್ತ. ಹಗ್ಗ ನನ್ನ ಕೈಗೂ ಕೊಡು. ನಿನ್ನೊಬ್ಬನನ್ನೇ ನಾನಂತೂ ನಂಬುವುದಿಲ್ಲ."

ಬುಟ್ಟಿ ಮತ್ತೆ ಕೆಳಗೆ ಇಳಿಯಿತು.

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು. ಹುಲಿಗೆಮ್ಮ ಮುಂದಕ್ಕೆ ಬಾಗಿದಳು. 

"ಅಕ್ಕ ಮೇಲೆ ಬಂದಳೇ, ಮಾಸ್ತರರೇ?"

ಮಾಸ್ತರರು ಮಡಿಲಲ್ಲಿದ್ದ ಹಾಳೆಗಳನ್ನು ಎತ್ತಿ, ಬಟ್ಟೆ ಒಗೆಯುವವಳ ಆ ಸಾಲು ಮೇಲೆ ಕಾಣುವಂತೆ ಅವಳ ಕೈಗೆ ಕೊಟ್ಟರು.

"ಹಗ್ಗ ಈಗ ನಿನ್ನ ಕೈಯಲ್ಲಿದೆ, ತಂಗಿ."