ಚಿಟ್ಟೆಗೆ ನೇರ ದಾರಿ ಏಕಿಲ್ಲ

ಆಗ ಭೂಮಿ ಇನ್ನೂ ಹೊಸದು. ಎಷ್ಟು ಹೊಸದೆಂದರೆ, ಯಾರಿಗೂ ತಮ್ಮ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಹೊಳೆ ಗುಡ್ಡ ಹತ್ತಲು ಹೋಗಿ ಜಾರಿ ಬೀಳುತ್ತಿತ್ತು. ಗಾಳಿ ಬೆಳಗಿನಿಂದ ಸಂಜೆಯವರೆಗೂ ಒಂದೇ ಮರ ಸುತ್ತುತ್ತಿತ್ತು.

ಎಲ್ಲರಿಗಿಂತ ನೆಮ್ಮದಿಯಾಗಿದ್ದದ್ದು ನಿಂಬೆ ಗಿಡದ ಮೇಲಿನ ಒಂದು ಹಸಿರು ಹುಳು. ಅದಕ್ಕೆ ಬರುತ್ತಿದ್ದದ್ದು ಒಂದೇ ವಿದ್ಯೆ, ಎಲೆ ತಿನ್ನುವುದು. ತಿನ್ನುವುದು, ಒಂಚೂರು ಮುಂದೆ ಹೋಗುವುದು, ಮತ್ತೆ ತಿನ್ನುವುದು.

"ಸಾಕು ಮಾರಾಯ್ತಿ, ಕಚಗುಳಿ ಇಡಬೇಡ," ಎಂದು ನಿಂಬೆ ಗಿಡ ನಗುತ್ತಿತ್ತು. ಹುಳುವಿನ ಪುಟ್ಟ ಕಾಲು ಎಲೆಗೆ ತಗುಲಿದರೆ ಅದಕ್ಕೆ ಎಲ್ಲಿಲ್ಲದ ನಗು.

ಒಂದು ದಿನ ಹುಳುವಿಗೆ ತಡೆಯಲಾರದ ನಿದ್ದೆ ಬಂತು. ಕೊಂಬೆಗೆ ಅಂಟಿಕೊಂಡು, ಸುತ್ತ ಗೂಡು ಮಾಡಿಕೊಂಡು ಮಲಗಿತು.

ಎದ್ದು ಗೂಡಿನಿಂದ ಹೊರಬಂದರೆ ಎಲ್ಲವೂ ತಲೆಕೆಳಗು! ಬೆನ್ನಿಗೆ ಯಾರದೋ ಬಣ್ಣದ ಬಟ್ಟೆ ಅಂಟಿದೆ. ಮೈ ಸೊರಗಿದೆ. ಹೊಟ್ಟೆ ಚುರುಗುಟ್ಟುತ್ತಿದೆ. ಹಳೇ ಅಭ್ಯಾಸ ನೋಡು, ಕೊಂಬೆಯಿಂದಲೇ ಬಗ್ಗಿ ಎಲೆಗೆ ಬಾಯಿ ಹಾಕಿತು. ಕಚ್ಚೋಣವೆಂದರೆ ಹಲ್ಲೇ ಇಲ್ಲ. ಆ ಜಾಗದಲ್ಲಿ ಸುರುಳಿ ಸುತ್ತಿದ ದಾರದಂಥದ್ದೇನೋ ಇದೆ.

"ನಿಂಬೆಯಮ್ಮಾ, ನಾನು ಯಾರು?" ಎಂದು ಕೇಳಿತು.

"ನೀನು ಯಾರೋ ನಾ ಕಾಣೆನಮ್ಮ. ನನ್ನ ಹುಳು ಎಲ್ಲೋ ಕಳೆದುಹೋಗಿದೆ, ಅದನ್ನೇ ಹುಡುಕ್ತಿದೀನಿ. ನೀನೇನಾದ್ರೂ ನೋಡಿದ್ಯಾ?"

ಪಾಪ, ಅದಕ್ಕೆ ಅಳುವೇ ಬಂತು. ನಾನೇ ಆ ಹುಳು ಎನ್ನೋಣವೆಂದರೆ, ಹೌದೋ ಅಲ್ಲವೋ ತನಗೇ ಗೊತ್ತಿಲ್ಲ. ಹಸಿವು ಬೇರೆ. ತಾಯಿಯಂಥ ಗಿಡವೇ ಗುರುತು ಹಿಡಿಯದಿದ್ದರೆ ಇನ್ನು ಹೋಗುವುದಾದರೂ ಎಲ್ಲಿಗೆ?

ಅಷ್ಟರಲ್ಲಿ ಗಾಳಿ ಬಂದು ತಳ್ಳಿತು. ಬೆನ್ನ ಮೇಲಿನ ಬಟ್ಟೆ ಪಟಪಟ ಬಿಚ್ಚಿಕೊಂಡಿತು. ನೋಡಿದರೆ ಅವು ರೆಕ್ಕೆ!

"ಗಾಳಿಯಣ್ಣ, ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀಯ?"

"ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ."

"ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ಕಣವ್ವ," ಎಂದಿತು ಗಾಳಿ. ಇಬ್ಬರೂ ಸುಮ್ಮನೆ ಹೊರಟರು.

ಆಗ ಬಂತು ಕಾಜಾಣ. ಕಪ್ಪು ಮೈ, ಕವಲು ಬಾಲ, ಬಾಲದ ತುದಿಯವರೆಗೂ ಜಂಬ. ಹುಳಹುಪ್ಪಟೆ ಎತ್ತ ಹಾರುತ್ತದೆಂದು ನೋಡಿಕೊಂಡು, ಮೊದಲೇ ಅಲ್ಲಿಗೆ ಹೋಗಿ ಗುಳುಂ ಮಾಡುವುದು ಆ ಹಕ್ಕಿಯ ಜಾಣತನ.

"ಎಡಕ್ಕೋ ಬಲಕ್ಕೋ? ಬೇಗ ಹೇಳೇ!" ಎಂದು ಗದರಿತು.

"ಗೊತ್ತಿಲ್ಲ ಮಾವ!"

ಖಂಡಿತ ಸುಳ್ಳಲ್ಲ. ಎಡಕ್ಕೆ ಹೋದರೆ ನಿಂಬೆಯ ನೆನಪಾಗಿ ಬಲಕ್ಕೆ ತಿರುಗುವುದು. ಮೇಲಕ್ಕೆ ಹೋದರೆ ಹೆದರಿ ಕೆಳಕ್ಕೆ ಇಳಿಯುವುದು. ಕಾಜಾಣ ಅತ್ತ ಕೊಕ್ಕು ಹಾಕಿದರೆ ಅದು ಇತ್ತ. ತನಗೇ ಗೊತ್ತಿಲ್ಲದ ದಾರಿ ಕಾಜಾಣಕ್ಕೆ ಹೇಗೆ ಗೊತ್ತಾಗಬೇಕು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಥೂ, ಇದಕ್ಕೆ ತಲೆಬುಡ ಒಂದೂ ಇಲ್ಲ!" ಎಂದು ಬೈದು, ತಲೆ ಸುತ್ತಿ ಹೋಗಿ ಬೇಲಿಯ ಮೇಲೆ ಕೂತಿತು.

ನಮ್ಮ ಪೆದ್ದಿ ಏದುಸಿರು ಬಿಡುತ್ತಾ ಒಂದು ತುಂಬೆ ಹೂವಿನ ಮೇಲೆ ಇಳಿಯಿತು. ಇಳಿದದ್ದೇ ತಡ, ಕಾಲೆಲ್ಲ ಸಿಹಿ!

"ಅಯ್ಯೋ, ನನ್ನ ಕಾಲಿಗೂ ನಾಲಗೆ ಇದೆ!"

ಬಾಯಿಯ ಸುರುಳಿ ತಾನಾಗಿ ಬಿಚ್ಚಿ ಹೂವಿನೊಳಗೆ ಇಳಿಯಿತು. ಹೊಟ್ಟೆ ತಂಪಾಯಿತು. ನಾನು ಯಾರು, ಎಲ್ಲಿಗೆ ಹೋಗಬೇಕು, ಒಂದೂ ಇನ್ನೂ ತಿಳಿದಿರಲಿಲ್ಲ. ಆದರೂ ಅದಕ್ಕೆ ಎಷ್ಟು ಖುಷಿಯಾಯಿತೆಂದರೆ, ತಾನೊಂದೇ ಕೂತು ನಕ್ಕೇ ನಕ್ಕಿತು.

ಹೂವಿಂದ ಹೂವಿಗೆ, ಅಲ್ಲಿಂದ ಬೇಲಿಗೆ, ಬೇಲಿಯಿಂದ ಮತ್ತೆ ಹೂವಿಗೆ, ಹೀಗೆ ದಾರಿ ತಪ್ಪುತ್ತಾ ತಪ್ಪುತ್ತಾ ಸಂಜೆಗೆ ಒಂದು ಎಲೆಯ ಮೇಲೆ ಕಾಲಿಟ್ಟಿತು. ಗೊತ್ತಿರುವ ರುಚಿ! ಕಾಲಿನಿಂದ ತಟ್ಟಿ ತಟ್ಟಿ ನೋಡಿತು.

"ಸಾಕು ಮಾರಾಯ್ತಿ, ಕಚಗುಳಿ..." ಎಂದು ನಗುತ್ತಿದ್ದ ನಿಂಬೆ ಗಿಡ ತಟ್ಟನೆ ಕೊಂಬೆ ಬಗ್ಗಿಸಿ ನೋಡಿತು. "ನೀನೇನಾ?"

"ಗೊತ್ತಿಲ್ಲಮ್ಮ. ಎಲೆಯ ರುಚಿ ಮಾತ್ರ ಅದೇ."

"ಕಾಲೂ ಅದೇ," ಎಂದಿತು ನಿಂಬೆ. "ಬಾ, ಕೂತ್ಕೋ."

ಅದಕ್ಕೇ ಮರಿ, ಇವತ್ತಿಗೂ ಚಿಟ್ಟೆ ನೇರವಾಗಿ ಹಾರುವುದಿಲ್ಲ, ನಮ್ಮ ನಿಂಬೆ ಗಿಡಕ್ಕೆ ಬಂದರೆ ಮೊದಲು ಕಾಲಿನಿಂದ ಎಲೆ ತಟ್ಟುತ್ತದೆ. ಎಲ್ಲಿಗೆ ಹೊರಟೆ ಎಂದು ನೀನೇ ಕೇಳಿ ನೋಡು, ಗೊತ್ತಿಲ್ಲ ಎನ್ನುವಷ್ಟರಲ್ಲಿ ಅದು ಇನ್ನೊಂದು ಹೂವಿನ ಮೇಲಿರುತ್ತದೆ.